ರಾಯಚೂರು ಮೇಲಿಂದ ಹೆಂಗ ಕಾಣ್ತದ? (ನಮ್ಮ ಕೋಟೆ, ಭಾಗ 4)

ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗಿ ಬೆಳೆದ ನಮಗೆ ಎತ್ತರದ ಜಾಗದ ಸುಖ ಯಾರೂ ಹೇಳಿಕೊಡಬೇಕಿಲ್ಲ. ಬರೋಕ್ ಕಾಲದ ರೋಮ್‌ನಲ್ಲಿ ಶ್ರೀಮಂತರು ಅರಮನೆ ಛಾವಣಿ ಮೇಲೆ 'ಆಲ್ತಾನಾ' ಅಂತ ತೆರೆದ ಮಂಟಪ ಕಟ್ಟಿಸುತ್ತಿದ್ದರು. ಸಂಜೆ ಗಾಳಿ ತಗೊಳ್ಳೋದು, ಊರು ನೋಡೋದು, ಅಷ್ಟೇ ಅದರ ಕೆಲಸ. ನಮ್ಮ ಊರಿನ ಎತ್ತರದ ಜಾಗಗಳಿಗೆ ಅಂಥ ಪುರುಸೊತ್ತು ಎಲ್ಲಿತ್ತು? ಇಲ್ಲಿ ಮೇಲೆ ನಿಂತವನು ದೂರದಲ್ಲಿ ಧೂಳು ಎದ್ದಿತೇನು ಅಂತ ನೋಡುತ್ತಿದ್ದ.

ಕಾರಣ ನೆಲದಲ್ಲೇ ಅದ. ದೇವದುರ್ಗದ ಕಡೆ ಕೃಷ್ಣಾ, ಮಾನ್ವಿ ಕಡೆ ತುಂಗಭದ್ರಾ. ನಡುವಿನ ಈ ನೆಲವನ್ನು ಹಳೇ ಶಾಸನಗಳು ಎಡೆದೊರೆ ಅಂತ ಕರೆದವು. ಬಹಮನಿ, ವಿಜಯನಗರ, ಬಿಜಾಪುರ, ಎಲ್ಲರಿಗೂ ಇದು ಬೇಕಿತ್ತು.

ಮೊದಲ ಫೋಟೋ: ಗುಡ್ಡದ ತುದಿಯ ಬಾಲಾ ಹಿಸಾರ್. ಬಸ್ ಸ್ಟ್ಯಾಂಡಿನಲ್ಲಿ ಇಳಿದು ತಲೆ ಎತ್ತಿದರೆ ಈ ಗುಡ್ಡ ಕಾಣ್ತದ. ಮೇಲೆ ಕಮಾನುಗಳ ದರ್ಬಾರ್ ಹಾಲ್, ಸಣ್ಣ ಮಸೀದಿ, ಪಂಚ್ ಬೀಬಿ ದರ್ಗಾ. ಪಕ್ಕದಲ್ಲಿ ದುಂಡನೆ ಕಟ್ಟೆ, ಅದರ ಮೇಲೆ 20 ಅಡಿ ದಾಟುವ ತೋಪು. ಸೆಲ್ಫಿಗೆ ಎಲ್ಲರೂ ತೋಪಿನ ಮೇಲೆ ಹತ್ತುತ್ತಾರೆ. ನೀವು ಒಂದು ಸಲ ಅದರ ಹಿಂದೆ ನಿಂತು, ಬಾಯಿ ಯಾವ ಕಡೆ ಅದ ನೋಡ್ರಿ.

ಎರಡನೇ ಫೋಟೋ: ಏಕ್ ಮಿನಾರ್ ಮಸೀದಿ. 1513ರ ಸುಮಾರು, ಬಹಮನಿ ಮಹಮೂದ್ ಷಾ ಹೆಸರಿನ ಕಾಲ. ಹೆಸರಿನ ಕಾಲ ಅಂದದ್ದು ಯಾಕಂದ್ರ ಆಗ ಸುಲ್ತಾನನ ಕೈಯಲ್ಲಿ ಅಧಿಕಾರ ಅಷ್ಟಾಗಿ ಉಳಿದಿರಲಿಲ್ಲ. ಮಿನಾರ್ ಸುಮಾರು 65 ಅಡಿ, ಎರಡು ಅಂತಸ್ತು, ಪ್ರತಿ ಅಂತಸ್ತಿಗೂ ಹೊರಗೆ ಚಾಚಿದ ಕಲ್ಲಿನ ಸಜ್ಜೆ, ಒಳಗೆ ಸುತ್ತು ಮೆಟ್ಟಿಲು, ಮೇಲೆ ಗುಮ್ಮಟ. ಆಲ್ತಾನಾಕ್ಕೆ ನಮ್ಮಲ್ಲಿ ಹತ್ತಿರದ ಸಂಬಂಧಿ ಇದೇ ಅಂತ ನನಗನಿಸ್ತದ. ಕಟ್ಟಿದ್ದು ಆಜಾನಿಗೆ, ಆದರೆ ಮೇಲೆ ಹೋದವನಿಗೆ ಇಡೀ ಪಟ್ಟಣ ಕಾಣುತ್ತಿತ್ತು.

ಈ ಮಿನಾರ್ ಕಟ್ಟಿ ಏಳು ವರ್ಷ ಆಗಿರಬಹುದು, ಅಷ್ಟರಲ್ಲಿ 1520 ಬಂತು. ಕೃಷ್ಣದೇವರಾಯ ಕೋಟೆಗೆ ಮುತ್ತಿಗೆ ಹಾಕಿದ. ನೆರವಿಗೆ ಕೃಷ್ಣಾ ದಾಟಿ ಬಂದ ಇಸ್ಮಾಯಿಲ್ ಆದಿಲ್ ಷಾ ಮೇ ತಿಂಗಳ ಯುದ್ಧದಲ್ಲಿ ಸೋತು ಓಡಿದ. ಆದರೂ ಕೋಟೆ ಬೀಳಲಿಲ್ಲ. ವಿಜಯನಗರದ ಜನ ಹಾರೆ ಗುದ್ದಲಿ ಹಿಡಿದು ಗೋಡೆಯ ಬುಡಕ್ಕೇ ಕೈ ಹಾಕಿದರು. ಕಿತ್ತು ತಂದ ಕಲ್ಲಿಗೆ ಗಾತ್ರ ನೋಡಿ ದುಡ್ಡು! ಮೇಲಿನವರು ಕಲ್ಲು, ಬಾಣ ಸುರಿಸುತ್ತಿದ್ದರು, ಕೆಳಗೆ ಜನ ಸಾಯುತ್ತಿದ್ದರು, ಮತ್ತೆ ಬೇರೆಯವರು ಬರುತ್ತಿದ್ದರು. ಈ ದುಡ್ಡಿನ ಲೆಕ್ಕ ನೆನೆದರೆ ನನಗೆ ಇವತ್ತಿಗೂ ಹೊಟ್ಟೆಯೊಳಗೆ ಏನೋ ಆಗ್ತದ.

ಆಗ ಬಂದವನು ಕ್ರಿಸ್ತೊವಾವ್ ದ ಫಿಗರೇದೊ, ಕುದುರೆ ಮಾರಲು ಬಂದಿದ್ದ ಪೋರ್ಚುಗೀಸ. ಜೊತೆಗೆ 20 ಬಂದೂಕಿನವರು. ಗೋಡೆ ಮೇಲೆ ತಲೆ ಕಂಡರೆ ಸಾಕು, ಗುಂಡು. ಅಲ್ಲಿಯವರೆಗೆ ಮೇಲೆ ನಿಂತವನೇ ಸುರಕ್ಷಿತ. ಇನ್ನು ಮೇಲೆ ನಿಂತವನೇ ಗುರಿ. ಏನಾಗ್ತಿದೆ ಅಂತ ನೋಡಲು ಕೋಟೆಯ ಅಧಿಕಾರಿಯೇ ಗೋಡೆಯಿಂದ ಬಗ್ಗಿದ. ಗುಂಡು ನೇರ ಹಣೆಗೆ. ಮರುದಿನ ಊರಿನವರು ಶರಣು ಬಂದರು.

ಇದನ್ನು ಬರೆದಿಟ್ಟವನು ನೂನಿಜ್, ಅವನೂ ಪೋರ್ಚುಗೀಸ. ತಮ್ಮವರನ್ನು ಸ್ವಲ್ಪ ಹೊಗಳಿಕೊಂಡಿರಬಹುದು, ಅಷ್ಟು ಅನುಮಾನ ಇಟ್ಟುಕೊಂಡೇ ಓದ್ರಿ. ಹತ್ತು ವರ್ಷ ಕಳೆಯೋದರೊಳಗೆ ಕೃಷ್ಣದೇವರಾಯ ತೀರಿಕೊಂಡ, ರಾಯಚೂರು ಮತ್ತೆ ಬಿಜಾಪುರದ ಪಾಲಾಯಿತು. ಗೋಡೆಯ ಬುಡದಲ್ಲಿ ಸತ್ತವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ನಮ್ಮ ಹೆಸರು ಮಾತ್ರ ಇದ್ದಾವ, ಬಣ್ಣದಾಗ, ಹಾರ್ಟ್ ಸಮೇತ. ದೋಸ್ತರೇ, ಅದನ್ನ ಬಿಡ್ರಿ ಇನ್ನ.

ಗುಡ್ಡ ಹತ್ತೋರು ಬೆಳಿಗ್ಗೆ ಎಂಟರೊಳಗೆ ಹತ್ತಿ ಇಳೀರಿ, ನೀರಿನ ಬಾಟಲಿ ಇರಲಿ, ಖಾಲಿ ಬಾಟಲಿ ವಾಪಸ್ ತರ್ರಿ. ಮುಂದಿನ ಭಾಗದಾಗ 1294ರ ಶಾಸನದ ಕಲ್ಲು. 41 ಅಡಿ ಉದ್ದದ ಒಂದೇ ಬಂಡೆ, ಅದನ್ನು ಬಂಡಿ ಮೇಲೆ ಎಳೆದು ತಂದ ಎತ್ತುಗಳ ಚಿತ್ರ ಗೋಡೆ ಮೇಲೇ ಅದ. ಎತ್ತು ಎಷ್ಟು ಅಂತ ಎಣಿಸಿದವರು ಕಾಮೆಂಟ್ ಹಾಕ್ರಿ.