ಅಲ್ಪ ವೆಚ್ಚದಲ್ಲಿ ಮುಂಬಯಿ ದರ್ಶನ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿದರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದೂ ಅವರೇ ಹೇಳಿದರು. ಮುಂಬಯಿಯಲ್ಲಿ ಸಂಸಾರ ಹೂಡಿರುವ ನಮ್ಮಂಥವರಿಗೆ ಈ ಎರಡು ಮಾತುಗಳ ನಡುವಿನ ಇಕ್ಕಟ್ಟು ಪ್ರತಿ ಬೇಸಗೆಯಲ್ಲಿಯೂ ಎದುರಾಗುತ್ತದೆ. ಶಾಲೆಗಳಿಗೆ ರಜೆ ಬಂದೊಡನೆ ಊರಿನಿಂದ ನೆಂಟರಿಷ್ಟರು ಬರುತ್ತಾರೆ. ಬಂದವರಿಗೆ ಮುಂಬಯಿ ತೋರಿಸದೆ ಕಳುಹಿಸುವಂತಿಲ್ಲ. ಐದಾರು ಮಂದಿಯನ್ನು ಟ್ಯಾಕ್ಸಿಯಲ್ಲಿ ಕೂರಿಸಿ ಸುತ್ತಾಡಿಸೋಣವೆಂದರೆ ತಿಂಗಳ ಸಂಬಳ ಒಪ್ಪುವುದಿಲ್ಲ. ಆದುದರಿಂದ ನಾವು ಬಸ್ಸು, ಲೋಕಲ್ ರೈಲು ಮತ್ತು ಕಾಲುಗಳನ್ನೇ ನಂಬುತ್ತೇವೆ; ಹಾಗೆ ನಂಬಿದ್ದಕ್ಕೆ ಒಳಗೊಳಗೇ ಸಂಕೋಚವನ್ನೂ ಪಡುತ್ತೇವೆ.

ಈ ಸಂಕೋಚಕ್ಕೆ ಕಾರಣವಿಲ್ಲವೆಂಬುದೇ ಈ ಲೇಖನದ ಅಭಿಪ್ರಾಯ. ಮುಂಬಯಿಯ ಇತಿಹಾಸವೆಲ್ಲ ಬಿದ್ದಿರುವುದು ಅಗ್ಗದ ದಾರಿಗಳಲ್ಲಿಯೇ. ಹೆಚ್ಚು ಹಣ ಕೊಟ್ಟು ನೋಡಬೇಕಾದುದೆಲ್ಲ ಬಹುಪಾಲು ಹೊಸದು. ಹಳೆಯದೋ, ರಸ್ತೆಯ ಬದಿಯಲ್ಲಿ, ನಿಲ್ದಾಣದ ಮಗ್ಗುಲಲ್ಲಿ ನಿಂತಿದೆ. ಅಷ್ಟೇ ಅಲ್ಲ, ಹೀಗೆ ನೋಡುತ್ತ ಹೋದರೆ ಈ ನಗರದಲ್ಲಿ ಕನ್ನಡ ನಾಡಿನ ಹೆಜ್ಜೆಗಳೂ ಕಣ್ಣಿಗೆ ಬೀಳುತ್ತವೆ.

ಮೊದಲು ವಾಹನಗಳ ವಿಷಯ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಭಾರತದ ಮೊಟ್ಟಮೊದಲ ಪ್ರಯಾಣಿಕರ ರೈಲು ಓಡಿತು. ಹದಿನಾಲ್ಕು ಡಬ್ಬಿಗಳು, ಸುಮಾರು ನಾನೂರು ಪ್ರಯಾಣಿಕರು, ಇಪ್ಪತ್ತೊಂದು ಮೈಲಿ ದಾರಿ. ಇಂದು ನಾವು ಠಾಣೆಯಿಂದ ಆಫೀಸಿಗೆ ನೇತಾಡಿಕೊಂಡು ಬರುವ ದಾರಿ ಇದೇ. 1874ರ ಮೇ 9ರಂದು ಕುದುರೆಗಳು ಎಳೆಯುವ ಟ್ರಾಮು ಆರಂಭವಾಯಿತು. ಕೊಲಾಬಾದಿಂದ ಪಾಯಧುನಿಗೆ ಮೂರಾಣೆ; ಜನ ಮೆಚ್ಚಿದ ಮೇಲೆ ಅದು ಎರಡಾಣೆಗೆ ಇಳಿಯಿತು. 1907ರಲ್ಲಿ ಕುದುರೆಯ ಬದಲು ವಿದ್ಯುತ್ತು ಬಂತು. 1926ರ ಜುಲೈ 15ರಂದು ಅಫ್ಘಾನ್ ಚರ್ಚಿನಿಂದ ಕ್ರಾಫರ್ಡ್ ಮಾರ್ಕೆಟ್ಟಿಗೆ ಮೊದಲ ಬಸ್ಸು, 1937ರಲ್ಲಿ ಮಹಡಿ ಬಸ್ಸು. ಕೊನೆಯ ಟ್ರಾಮು 1964ರ ಮಾರ್ಚ್ 31ರ ರಾತ್ರಿ ಓಡಿ ನಿಂತಿತು. ಹಳೆಯ ಡೀಸೆಲ್ ಮಹಡಿ ಬಸ್ಸುಗಳೂ 2023ರಲ್ಲಿ ವಿದಾಯ ಹೇಳಿ, ಅವುಗಳ ಸ್ಥಾನಕ್ಕೆ ವಿದ್ಯುತ್ ಬಸ್ಸುಗಳು ಬಂದವು. ಮೇಲಂತಸ್ತಿನ ಮುಂದಿನ ಆಸನಕ್ಕಾಗಿ ಮಕ್ಕಳು ಜಗಳವಾಡುವುದು ಮಾತ್ರ ನಿಂತಿಲ್ಲ.

ಇತಿಹಾಸದ ಕ್ರಮದಲ್ಲಿಯೇ ನೋಡುವುದಾದರೆ ಬೋರಿವಿಲಿಯಿಂದ ಹೊರಡಬೇಕು. ಅಲ್ಲಿನ ರಾಷ್ಟ್ರೀಯ ಉದ್ಯಾನದ ಬಾಗಿಲಿನಿಂದ ಸುಮಾರು ಆರು ಕಿಲೋಮೀಟರ್ ಒಳಗೆ, ಕಾಡಿನ ನಡುವೆ, ಕಾನ್ಹೇರಿ ಗುಹೆಗಳಿವೆ. ಕೃಷ್ಣಗಿರಿ ಎಂಬುದೇ ಜನರ ಬಾಯಲ್ಲಿ ಕಾನ್ಹೇರಿಯಾಗಿದೆ. ಬೌದ್ಧ ಭಿಕ್ಷುಗಳು ಕ್ರಿಸ್ತಶಕದ ಆರಂಭದ ಹೊತ್ತಿನಿಂದ ಸುಮಾರು ಸಾವಿರ ವರ್ಷಗಳ ಕಾಲ ಇಲ್ಲಿ ವಾಸವಾಗಿದ್ದರು. ನೂರಕ್ಕೂ ಹೆಚ್ಚು ಗುಹೆಗಳನ್ನು ಬಂಡೆಯಲ್ಲಿ ಕೊರೆದಿದ್ದಾರೆ. ಮಳೆಯ ನೀರನ್ನು ಹಿಡಿದಿಡಲು ತೊಟ್ಟಿಗಳನ್ನೂ ಕೊರೆದಿದ್ದಾರೆ. ನೀರಿನ ತಾಪತ್ರಯ ಬಲ್ಲ ನಮ್ಮ ಗೃಹಿಣಿಯರು ವಿಗ್ರಹಗಳಿಗಿಂತ ಈ ತೊಟ್ಟಿಗಳನ್ನೇ ಹೆಚ್ಚು ಹೊತ್ತು ನೋಡಿದರೆ ಆಶ್ಚರ್ಯವಿಲ್ಲ.

ಆದರೆ ನಾವು ನೆಂಟರಿಗೆ ಮುಖ್ಯವಾಗಿ ತಿಳಿಸಬೇಕಾದ ಸಂಗತಿ ಬೇರೆಯೇ ಇದೆ. ಒಂಬತ್ತನೆಯ ಶತಮಾನದಲ್ಲಿ ಉತ್ತರ ಕೊಂಕಣವನ್ನು ಆಳುತ್ತಿದ್ದವರು ಶಿಲಾಹಾರರು. ಅವರು ರಾಷ್ಟ್ರಕೂಟರ ಸಾಮಂತರು. ಕಾನ್ಹೇರಿಯಲ್ಲಿ ಅವರ ಕಾಲದ ಮೂರು ಸಂಸ್ಕೃತ ಶಾಸನಗಳಿವೆ. ಅತ್ಯಂತ ಹಳೆಯದು ಶಕವರ್ಷ 765ರದು, ಅಂದರೆ ಕ್ರಿ.ಶ. 843ರ ಸುಮಾರಿನದು. ಅವುಗಳಲ್ಲಿ ಸಾರ್ವಭೌಮನೆಂದು ಹೆಸರಿಸಿರುವುದು ಅಮೋಘವರ್ಷನನ್ನು. ಯಾವ ಅಮೋಘವರ್ಷ? ಮಾನ್ಯಖೇಟದಲ್ಲಿ, ಎಂದರೆ ಇಂದಿನ ಕಲಬುರ್ಗಿ ಜಿಲ್ಲೆಯ ಮಳಖೇಡದಲ್ಲಿ, ಯಾರ ಆಸ್ಥಾನದಿಂದ ಕನ್ನಡದ ಮೊದಲ ಉಪಲಬ್ಧ ಗ್ರಂಥ ‘ಕವಿರಾಜಮಾರ್ಗ’ ಹೊರಬಂದಿತೋ ಅದೇ ನೃಪತುಂಗ. ಜೈನಧರ್ಮದಲ್ಲಿ ಒಲವಿದ್ದ ಆ ದೊರೆಯ ಆಳ್ವಿಕೆಯಲ್ಲಿ ಈ ಬೌದ್ಧ ವಿಹಾರಕ್ಕೆ ದತ್ತಿಗಳು ಸಂದವು. ಕಟ್ಟಡದ ದುರಸ್ತಿ, ಭಿಕ್ಷುಗಳ ವಸ್ತ್ರ, ಇವುಗಳ ಜೊತೆಗೆ ಪುಸ್ತಕಗಳ ಖರ್ಚಿಗೂ ಹಣ ತೆಗೆದಿರಿಸಿದ್ದಾರೆ. ‘ಕವಿರಾಜಮಾರ್ಗ’ವನ್ನು ಶಾಲೆಯಲ್ಲಿ ಒಂದು ಅಂಕದ ಪ್ರಶ್ನೆಯಾಗಿ ಬಾಯಿಪಾಠ ಮಾಡಿದ ನಾವು, ಆ ದೊರೆಯ ಹೆಸರು ಬೋರಿವಿಲಿಯ ಬಂಡೆಯ ಮೇಲಿದೆಯೆಂದು ತಿಳಿಯದೆ ವರ್ಷಗಟ್ಟಲೆ ಅದೇ ನಿಲ್ದಾಣದಲ್ಲಿ ರೈಲು ಹತ್ತಿ ಇಳಿಯುತ್ತೇವೆ.

ಮುಂದಿನದು ಘಾರಾಪುರಿ. ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆಯ ದಾರಿ. ನಮ್ಮ ಲೆಕ್ಕದಲ್ಲಿ ದುಬಾರಿಯೆನ್ನಬಹುದಾದ ಪಯಣ ಇದೊಂದೇ. ಐಹೊಳೆಯ ಮೇಗುಟಿಯಲ್ಲಿರುವ ಕ್ರಿ.ಶ. 634ರ ಶಾಸನದಲ್ಲಿ ಕವಿ ರವಿಕೀರ್ತಿಯು, ಇಮ್ಮಡಿ ಪುಲಕೇಶಿಯು ನೂರಾರು ಹಡಗುಗಳೊಡನೆ ಹೋಗಿ ಪಶ್ಚಿಮ ಸಮುದ್ರದ ಪುರಿ ಎಂಬ ನಗರವನ್ನು ಗೆದ್ದನೆಂದು ವರ್ಣಿಸಿದ್ದಾನೆ. ಆ ಪುರಿ ಈ ಘಾರಾಪುರಿಯೇ ಎಂದು ಕೆಲವು ವಿದ್ವಾಂಸರ ಮತ. ಬೇರೆ ಸ್ಥಳಗಳನ್ನು ಸೂಚಿಸುವವರೂ ಇದ್ದಾರೆ. ಬಾದಾಮಿಯ ಹಡಗುಗಳು ಈ ಕರಾವಳಿಗೆ ಬಂದಿದ್ದವೆಂಬುದು ನಮಗೆ ಸಾಕು. ಗುಹೆಯೊಳಗೆ ಮಬ್ಬು ಬೆಳಕಿನಲ್ಲಿ ಮೂರು ಮುಖದ ಸದಾಶಿವನ ಎದುರು ನಿಂತವರು ಕೊಟ್ಟ ಹಣಕ್ಕೆ ಮರುಗುವುದಿಲ್ಲ.

ದೋಣಿಯ ಖರ್ಚು ಹೆಚ್ಚಾಯಿತೆನ್ನುವವರು ಕನಿಷ್ಠಪಕ್ಷ ಆ ದ್ವೀಪದ ಆನೆಯನ್ನಾದರೂ ನೋಡಬಹುದು. ಅಲ್ಲಿ ಕಲ್ಲಿನ ಆನೆಯೊಂದಿದ್ದುದರಿಂದಲೇ ಪೋರ್ಚುಗೀಸರು ದ್ವೀಪಕ್ಕೆ ಎಲಿಫೆಂಟಾ ಎಂದು ಹೆಸರಿಟ್ಟರು. 1864ರಲ್ಲಿ ಅದನ್ನು ಇಂಗ್ಲೆಂಡಿಗೆ ಸಾಗಿಸಲು ಹೊರಟಾಗ ಅದು ಮುರಿದು ಬಿತ್ತು. ಆ ತುಂಡುಗಳನ್ನು ಮುಂದೆ 1914ರಲ್ಲಿ ಕೂಡಿಸಿ ನಿಲ್ಲಿಸಿದರು. ಬೈಕಳಾದ ಜೀಜಾಮಾತಾ ಉದ್ಯಾನದ ಬಳಿ, ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಅದು ಇಂದಿಗೂ ಇದೆ. ವಿಲಾಯತಿಗೆ ಹೋಗಲೊಲ್ಲದ ಆನೆಯೆಂದು ಹೇಳಿದರೆ ಮಕ್ಕಳು ಬೇಗ ಮರೆಯುವುದಿಲ್ಲ.

ಇನ್ನು ಇಂಗ್ಲಿಷರ ಕಾಲ. ಏಳು ದ್ವೀಪಗಳ ಈ ಗುಂಪು 1534ರಲ್ಲಿ ಗುಜರಾತಿನ ಸುಲ್ತಾನನಿಂದ ಪೋರ್ಚುಗೀಸರಿಗೆ, 1661ರ ಒಪ್ಪಂದದಂತೆ ರಾಜಕುಮಾರಿ ಕ್ಯಾಥರೀನಳ ಮದುವೆಯ ಬಳುವಳಿಯಾಗಿ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಗೆ, 1668ರಲ್ಲಿ ವರ್ಷಕ್ಕೆ ಹತ್ತು ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪೆನಿಗೆ ಸೇರಿತು. ಈಗಿನ ಬಾಡಿಗೆಗಳನ್ನು ಬಲ್ಲವರು ಈ ವಾಕ್ಯವನ್ನು ಎರಡು ಸಲ ಓದಿಯಾರು. ಬಳಿಕ ಕಡಲನ್ನು ತುಂಬಿ, ಸೇತುವೆ ಕಟ್ಟಿ ದ್ವೀಪಗಳನ್ನು ಒಂದುಗೂಡಿಸಿದರು. ಇವುಗಳಲ್ಲಿ ಬಾಂದ್ರಾ-ಮಾಹಿಮ್ ಸೇತುಮಾರ್ಗದ ಕಥೆ ನಮ್ಮ ವಿಷಯಕ್ಕೆ ಹತ್ತಿರವಾದುದು. ಸರಕಾರ ಹಣ ಕೊಡಲು ಹಿಂದೆಗೆದಾಗ ಸರ್ ಜಮ್ಶೆಟ್‌ಜಿ ಜೀಜೀಭಾಯಿಯವರ ಪತ್ನಿ ಅವಾಬಾಯಿಯವರು 1,57,000 ರೂಪಾಯಿ ಕೊಟ್ಟರು. ದಾಟುವವರಿಂದ ಸುಂಕ ವಸೂಲು ಮಾಡಬಾರದೆಂಬುದು ಅವರ ಷರತ್ತು. 1845ರಲ್ಲಿ ದಾರಿ ತೆರೆಯಿತು. ಬಡವರು ಪುಕ್ಕಟೆಯಾಗಿ ದಾಟಲೆಂದು ಕಟ್ಟಿದ ದಾರಿಯ ಮೇಲೆ ಬಸ್ಸಿನಲ್ಲಿ ಹೋಗುವಾಗ ಆ ತಾಯಿಯನ್ನು ಒಮ್ಮೆ ನೆನೆಯುವುದು ಉಚಿತ.

ಕೋಟೆ ಪ್ರದೇಶವನ್ನು ನಡೆದೇ ನೋಡಬೇಕು. ಬೋರಿಬಂದರಿನಿಂದ ಗೇಟ್‌ವೇ ಒಂದೂವರೆ ಮೈಲಿಯಷ್ಟು. ಆರಂಭಕ್ಕೆ ನಿಲ್ದಾಣವೇ ಇದೆ. ಎಫ್. ಡಬ್ಲ್ಯೂ. ಸ್ಟೀವನ್ಸ್ ಅದರ ಶಿಲ್ಪಿ. 1878ರಲ್ಲಿ ಕೆಲಸ ಶುರುವಾಗಿ ಮುಗಿಯಲು ಹತ್ತು ವರ್ಷ ಹಿಡಿಯಿತು. ವಿಕ್ಟೋರಿಯಾ ರಾಣಿಯ ಹೆಸರಿದ್ದ ಈ ನಿಲ್ದಾಣಕ್ಕೆ 1996ರಲ್ಲಿ ಶಿವಾಜಿ ಮಹಾರಾಜರ ಹೆಸರು ಬಂದಿತು. 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಬಾಗಿಲ ಕಂಬಗಳ ಮೇಲಿನ ಸಿಂಹ ಬ್ರಿಟನ್ನಿನ ಗುರುತು, ಹುಲಿ ಭಾರತದ ಗುರುತು. ಮುಂದೆ 1833ರಲ್ಲಿ ಮುಗಿದ ಟೌನ್ ಹಾಲ್. ಅದರ ಅಗಲವಾದ ಮೆಟ್ಟಿಲುಗಳ ಮೇಲೆ ಕುಳಿತು ದಣಿವಾರಿಸಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಮೈದಾನದ ಬದಿಗೆ ಹೊರಳಿದರೆ 280 ಅಡಿಯ ರಾಜಾಬಾಯಿ ಗೋಪುರ. ಹತ್ತಿಯ ವ್ಯಾಪಾರದಿಂದ ಕುಬೇರರಾದ ಪ್ರೇಮಚಂದ ರಾಯಚಂದರು ತಾಯಿಯ ಹೆಸರಿನಲ್ಲಿ ಕಟ್ಟಿಸಿದ್ದು, 1878ರಲ್ಲಿ ಪೂರ್ಣವಾಯಿತು.

ಈ ಗೋಪುರದ ನೆರಳಿನಲ್ಲಿ ನೆಂಟರನ್ನು ನಿಲ್ಲಿಸಿ ಒಂದು ಮಾತು ಹೇಳಬೇಕು. ಪೇಶ್ವೆಯರು ಸೋತ 1818ರಿಂದ ಧಾರವಾಡದ ಸೀಮೆ, 1862ರಿಂದ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಆಡಳಿತಕ್ಕೆ ಸೇರಿದ್ದವು. ಬೆಳಗಾವಿ, ವಿಜಾಪುರಗಳೂ ಹಾಗೆಯೇ. 1956ರ ನವೆಂಬರ್ 1ರವರೆಗೆ ಈ ನಾಲ್ಕು ಜಿಲ್ಲೆಗಳ ಕನ್ನಡಿಗರಿಗೆ ರಾಜಧಾನಿಯೆಂದರೆ ಮುಂಬಯಿಯೇ. 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜಿನ ವಿದ್ಯಾರ್ಥಿಗಳು ಪದವಿ ಪಡೆದದ್ದು ಈ ಗೋಪುರದ ವಿಶ್ವವಿದ್ಯಾಲಯದಿಂದ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವೂ ಮುಂಬಯಿಯಲ್ಲಿಯೇ ಹುಟ್ಟಿ ಮರುವರ್ಷ ಧಾರವಾಡಕ್ಕೆ ಹೋಯಿತು. ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿದ್ದರೂ ಅಲ್ಲಿಯ ಮಕ್ಕಳು ಹೊಟ್ಟೆಪಾಡಿಗೆ ಇಲ್ಲಿಗೇ ಬಂದರು, ಹಗಲು ಹೋಟೆಲುಗಳಲ್ಲಿ ದುಡಿದು ಇರುಳು ಶಾಲೆಗಳಲ್ಲಿ ಕಲಿತರು. ಹುಬ್ಬಳ್ಳಿಯಿಂದ ಬಂದ ಅಜ್ಜ ಇಲ್ಲಿ ಪರದೇಶಕ್ಕೆ ಬಂದವನಲ್ಲ, ತನ್ನ ಹಳೆಯ ರಾಜಧಾನಿಗೆ ಬಂದವನು.

ಅಲ್ಲಿಂದ ಮುಂದೆ 1922ರಲ್ಲಿ ತೆರೆದ ವಸ್ತುಸಂಗ್ರಹಾಲಯ. ಒಳಗೆ ಹೋಗಲು ಹಣ ಸಾಲದಿದ್ದರೂ ಚಿಂತೆಯಿಲ್ಲ, ಗುಮ್ಮಟ ಹೊರಗಿನಿಂದಲೇ ಕಾಣುತ್ತದೆ. ಶಿಲ್ಪಿ ಜಾರ್ಜ್ ವಿಟೆಟ್ ಅದಕ್ಕೆ ವಿಜಾಪುರದ ಗೋಳಗುಮ್ಮಟವನ್ನು ಮಾದರಿಯಾಗಿ ಇಟ್ಟುಕೊಂಡ. ಗೇಟ್‌ವೇ ಕೂಡ ಅವನದೇ ಕೃತಿ. 1911ರಲ್ಲಿ ಐದನೆಯ ಜಾರ್ಜ್ ದೊರೆ ಬಂದಿಳಿದ ನೆನಪಿಗಾಗಿ ಅದನ್ನು ಕಟ್ಟಿಸಿದರು. 1924ರ ಡಿಸೆಂಬರಿನಲ್ಲಿ ತೆರೆದರು. ಇಪ್ಪತ್ತೊಂದು ಲಕ್ಷ ರೂಪಾಯಿಯ ಈ ಬಾಗಿಲಿನ ಮೂಲಕವೇ 1948ರ ಫೆಬ್ರವರಿ 28ರಂದು ಬ್ರಿಟಿಷರ ಕೊನೆಯ ಪಡೆ ಹೊರಟುಹೋಯಿತು. ಸ್ವಾಗತಕ್ಕೆ ಕಟ್ಟಿದ ಬಾಗಿಲು ಬೀಳ್ಕೊಡುಗೆಗೆ ಬಂತು!

ಹಿಂದಿರುಗುವಾಗ ರೈಲಿನ ಕಿಟಕಿಯಿಂದ ಪರೇಲ, ಲಾಲಬಾಗ್ ಸೀಮೆಯನ್ನು ತೋರಿಸಲು ಮರೆಯಬಾರದು. 1854ರಲ್ಲಿ ಕಾವಸ್‌ಜಿ ದಾವರರು ಮೊದಲ ಹತ್ತಿ ಗಿರಣಿಯನ್ನು ಸ್ಥಾಪಿಸಿದ ಮೇಲೆ ಈ ನಗರ ಗಿರಣಿಯ ಸಿಳ್ಳೆಗೆ ಎದ್ದು ಮಲಗಿತು. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಅವರಲ್ಲಿ ಬಹುಮಂದಿ ಮತ್ತೆ ಒಳಗೆ ಹೋಗಲೇ ಇಲ್ಲ. ಗಿರಣಿಗಳ ಜಾಗದಲ್ಲಿ ಈಗ ಗಾಜಿನ ಮಹಲುಗಳೆದ್ದಿವೆ. ನಡುವೆ ಅಲ್ಲೊಂದು ಇಲ್ಲೊಂದು ಚಿಮಣಿ ಉಳಿದಿದೆ. ಈ ಚಿಮಣಿಗೆ ಟಿಕೀಟಿಲ್ಲ, ಫಲಕವಿಲ್ಲ. ನಾವೇ ಹೇಳದಿದ್ದರೆ ಮಕ್ಕಳಿಗೆ ಅದರ ಕಥೆ ತಿಳಿಯದು.

ಕೆಲವು ವ್ಯವಹಾರದ ಮಾತುಗಳು. ಕಾನ್ಹೇರಿ, ಘಾರಾಪುರಿ ಎರಡೂ ಸೋಮವಾರ ಮುಚ್ಚಿರುತ್ತವೆ. ಮಳೆಗಾಲದಲ್ಲಿ ಕಡಲು ಕೆರಳಿದ ದಿನ ದೋಣಿ ಹೊರಡುವುದಿಲ್ಲ. ಬುತ್ತಿ ಕಟ್ಟಿಕೊಂಡು ಹೋದರೆ ಉಳಿತಾಯ. ಕಾನ್ಹೇರಿಯಲ್ಲಿ ಮಾತ್ರ ಅದನ್ನು ಚೀಲದಿಂದ ಹೊರತೆಗೆಯದಿರುವುದು ಲೇಸು, ಅಲ್ಲಿಯ ಮಂಗಗಳಿಗೆ ಅತಿಥಿ ಸತ್ಕಾರದ ಪರಿವೆಯಿಲ್ಲ. ಎಲ್ಲವನ್ನೂ ಒಂದೇ ದಿನ ಮುಗಿಸುವ ಹಟವೂ ಬೇಡ. ದಿನಕ್ಕೆ ಒಂದು ದಿಕ್ಕು, ಸಂಜೆ ಮರೀನ್ ಡ್ರೈವಿನ ಕಟ್ಟೆ. ಕಡಲಗಾಳಿಗೆ ಇನ್ನೂ ದರ ನಿಗದಿಯಾಗಿಲ್ಲ.

ನಮ್ಮ ಮಕ್ಕಳು ಇತಿಹಾಸವೆಂದರೆ ಹಂಪಿ, ಬೇಲೂರು, ರಜೆಯಲ್ಲಿ ಊರಿಗೆ ಹೋದಾಗ ನೋಡುವಂಥದ್ದು. ಮುಂಬಯಿಯೆಂದರೆ ಅಪ್ಪ ದುಡಿಯುವ ಸ್ಥಳ ಎಂದು ತಿಳಿದು ಬೆಳೆಯುತ್ತಿದ್ದಾರೆ. ಅಲ್ಲಿ ಹೋದರೆ ಅವರನ್ನು ಮುಂಬಯಿಯವರೆನ್ನುತ್ತಾರೆ, ಇಲ್ಲಿದ್ದರೆ ಹೊರಗಿನವರೆನ್ನುವವರೂ ಸಿಗುತ್ತಾರೆ. ಎರಡೂ ಕಡೆ ಅತಿಥಿಗಳಾಗಿ ಬಾಳುವುದು ಕಷ್ಟ. ಈ ನಗರ ಕಡಲಾಚೆಯಿಂದ, ಘಟ್ಟದಾಚೆಯಿಂದ ಬಂದ ಎಲ್ಲರೂ ಕೂಡಿ ಕಟ್ಟಿದ್ದೆಂದೂ, ನೃಪತುಂಗನ ಹೆಸರಿನಿಂದ ಹಿಡಿದು ಹೋಟೆಲಿನ ಮಾಣಿಯ ಬೆವರಿನವರೆಗೆ ನಮ್ಮ ಪಾಲೂ ಅದರಲ್ಲಿದೆಯೆಂದೂ ಅವರು ಕಣ್ಣಾರೆ ಕಂಡರೆ ಸಾಕು. ಅದಕ್ಕೆ ತಗಲುವ ಖರ್ಚು ಒಂದು ರೈಲು ಟಿಕೀಟು, ಒಂದು ಭಾನುವಾರ.