ಗಾಲಿಯ ಮೇಲಿನ ಸಂಸಾರ



ಈ ಬಾರಿಯ ಮಾತುಕತೆ ಕಾರ್ಯಕ್ರಮದಲ್ಲಿ ನೀವು ಒಂದು ಮೋಟಾರು ಮನೆಯನ್ನು ನೋಡುವಿರಿ. ಹೊರಗಿನಿಂದ ಅದು ಸಣ್ಣ ಬಸ್ಸಿನಂತೆ ಕಾಣುತ್ತದೆ. ಒಳಗೆ ಮಡಿಚಿಡುವ ಮಂಚ, ಎರಡು ಉರಿಯ ಒಲೆ, ನೀರಿನ ತೊಟ್ಟಿ, ಪಾತ್ರೆಗಳನ್ನು ಜೋಡಿಸಿಡುವ ಗೂಡು ಎಲ್ಲವೂ ಇವೆ. ಗಂಡ ಹೆಂಡತಿ ಇಬ್ಬರೇ ಅದರಲ್ಲಿ ತಿಂಗಳುಗಟ್ಟಲೆ ಊರೂರು ಸುತ್ತಬಹುದು. ಕರ್ನಾಟಕದ 2020ರ ಪ್ರವಾಸೋದ್ಯಮ ನೀತಿಯಲ್ಲಿ ಇಂಥ ಪ್ರವಾಸಕ್ಕೂ ಒಂದು ಸ್ಥಾನ ದೊರೆಯಿತು. ಇದನ್ನು ನೋಡಿದಾಗ ನಿಮಗೆ, 'ಪರದೇಶದವರ ಬುದ್ಧಿ ಎಷ್ಟು ಚುರುಕು!' ಎನ್ನಿಸಬಹುದು. ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ಆ ಅಭಿಪ್ರಾಯ ಬದಲಾದದ್ದು ಗಂಗಾವತಿ ತಾಲ್ಲೂಕಿನ ಮರಳಿಯ ಹತ್ತಿರ ಕಳೆದ ಒಂದು ರಾತ್ರಿಯಲ್ಲಿ.

ಕಾಲುವೆ ನೀರಾವರಿಯ ಬಗ್ಗೆ ಚಿತ್ರೀಕರಣಕ್ಕೆಂದು ನಾವು ಅಲ್ಲಿಗೆ ಹೋಗಿದ್ದೆವು. ಸಂಜೆ ಸುರಿದ ಮಳೆಗೆ ನಮ್ಮ ವ್ಯಾನಿನ ಹಿಂದಿನ ಎರಡು ಗಾಲಿಗಳೂ ಎರೆಮಣ್ಣಿನಲ್ಲಿ ಹೂತುಹೋದವು. ನಾಲ್ಕು ಜನ ವ್ಯಾನಿನಲ್ಲಿಯೇ ರಾತ್ರಿ ಕಳೆಯಬೇಕಾಯಿತು. ಕಾಲು ಚಾಚಲು ಜಾಗವಿಲ್ಲ. ಇದ್ದ ಒಂದು ಕ್ಯಾನು ನೀರು ಬೆಳಗಾಗುವ ಮೊದಲೇ ಮುಗಿಯಿತು. ಬೆಳಿಗ್ಗೆ ಟ್ರ್ಯಾಕ್ಟರ್ ತಂದು ನಮ್ಮನ್ನು ಎಳೆದುಹಾಕಿದ ಹಿರಿಯರೊಬ್ಬರು, "ಒಂದು ರಾತ್ರಿಗೇ ಹಿಂಗಾದ್ರಾ? ನಮ್ಮೂರಿಗೆ ಬರ್ತಿದ್ದ ಗೊಂಬಿ ಆಡಿಸೋರು ವರ್ಷಗಟ್ಟಲೆ ಹಿಂಗ ಇರ್ತಿದ್ರು" ಎಂದು ನಕ್ಕರು. ಆ ನಗೆಯಲ್ಲಿ ಒಂದು ಇತಿಹಾಸ ಪಾಠವೇ ಇತ್ತು. ಕಾರ್ಯಕ್ರಮದ ಅವಧಿಯಲ್ಲಿ ಹೇಳಲು ಸಮಯ ಸಾಲದ ಆ ಪಾಠವನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಒಂದು ಸಣ್ಣ ಲೆಕ್ಕ

ನಾನು ವಿಜ್ಞಾನ ಓದಿದವನು. ಆದ್ದರಿಂದ ಲೆಕ್ಕದಿಂದಲೇ ಆರಂಭಿಸುತ್ತೇನೆ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋಗ್ರಾಂ. ಇಬ್ಬರಿಗೆ ಕುಡಿಯಲು, ಅಡಿಗೆಗೆ, ಪಾತ್ರೆ ತೊಳೆಯಲು ದಿನಕ್ಕೆ 20 ಲೀಟರ್ ಸಾಕು ಎಂದು ಇಟ್ಟುಕೊಳ್ಳಿ. ಒಂದು ವಾರಕ್ಕೆ 140 ಕಿಲೋ ನೀರಾಯಿತು. ಇದರ ಮೇಲೆ ಹಿಟ್ಟು, ಬೇಳೆ, ಉರುವಲು, ಹಾಸಿಗೆ. ಎತ್ತೇ ಎಳೆಯಲಿ, ಎಂಜಿನ್ ಎಳೆಯಲಿ, ಈ ಭಾರ ಕಡಿಮೆಯಾಗುವುದಿಲ್ಲ. ಹಾಗಾಗಿ ಚಲಿಸುವ ಸಂಸಾರಕ್ಕೆ ಎಲ್ಲ ಕಾಲದಲ್ಲಿಯೂ ನಾಲ್ಕು ಪ್ರಶ್ನೆಗಳು ಎದುರಾಗುತ್ತವೆ. ನೀರು ಎಲ್ಲಿ? ಭಾರ ಎಷ್ಟು? ರಾತ್ರಿ ತಂಗುವುದು ಎಲ್ಲಿ? ಅಲ್ಲಿ ತಂಗಲು ಒಪ್ಪಿಗೆ ಕೊಡುವವರು ಯಾರು? ಮೊದಲ ಮೂರು ಪ್ರಶ್ನೆಗಳಿಗೆ ಮನುಷ್ಯ ತನ್ನ ಜಾಣ್ಮೆಯಿಂದ ಉತ್ತರ ಕಂಡುಕೊಂಡ. ನಾಲ್ಕನೆಯದಕ್ಕೆ ಉತ್ತರ ಮಾತ್ರ ಬೇರೆಯವರ ಕೈಯಲ್ಲಿತ್ತು. ಇದನ್ನು ನೆನಪಿನಲ್ಲಿಡಿ.

ಹೆಸರಿಲ್ಲದ ಸಹಪ್ರಯಾಣಿಕೆ

ಮರಳಿಯ ಸೀಮೆಯಿಂದ ವಿಜಯನಗರ ದೂರವಿಲ್ಲ. ಅದರ ಹಳೆಯ ನೆಲೆಯಾದ ಆನೆಗೊಂದಿ ಇದೇ ಗಂಗಾವತಿ ತಾಲ್ಲೂಕಿನಲ್ಲಿದೆ. 1420ರ ಸುಮಾರಿಗೆ ಅಲ್ಲಿಗೆ ಬಂದ ವೆನಿಸ್ ನಗರದ ವರ್ತಕ ನಿಕೊಲೊ ಕೊಂಟಿಯ ಹೆಸರನ್ನು ನೀವು ಪಠ್ಯಪುಸ್ತಕದಲ್ಲಿ ಓದಿರುತ್ತೀರಿ. ವಿಜಯನಗರದ ಸುತ್ತಳತೆ 60 ಮೈಲಿ ಎಂದು ಹೇಳಿದವನು ಅವನೇ. ಆದರೆ ಪಠ್ಯಪುಸ್ತಕ ಸಾಮಾನ್ಯವಾಗಿ ಹೇಳದ ಸಂಗತಿಯೊಂದಿದೆ. ಸುಮಾರು ಇಪ್ಪತ್ತೈದು ವರ್ಷಗಳ ತನ್ನ ಅಲೆದಾಟದ ನಡುವೆಯೇ ಅವನು ಮದುವೆಯಾದ. ಮಕ್ಕಳು ಹುಟ್ಟಿದರು. ಆ ಸಂಸಾರವನ್ನು ಕಟ್ಟಿಕೊಂಡೇ ಅವನು ಸಮುದ್ರಗಳನ್ನು ದಾಟಿದ. ಊರಿಗೆ ಹಿಂತಿರುಗುವಾಗ ಈಜಿಪ್ಟಿನಲ್ಲಿ ಪ್ಲೇಗು ಬಂದು ಹೆಂಡತಿಯೂ ಇಬ್ಬರು ಮಕ್ಕಳೂ ತೀರಿಹೋದರು. ಪೊಗ್ಗಿಯೊ ಎಂಬ ವಿದ್ವಾಂಸ ಕೊಂಟಿಯ ಅನುಭವಗಳನ್ನು ಬರೆದಿಟ್ಟ. ಆದರೆ ಆ ಬರಹದಲ್ಲಿ ಆಕೆಯ ಹೆಸರೇ ಇಲ್ಲ. ಹಡಗಿನಲ್ಲಿ, ಅಪರಿಚಿತ ಊರುಗಳಲ್ಲಿ ಮಕ್ಕಳನ್ನು ಸಾಕಿದ ಆಕೆ ಇತಿಹಾಸಕ್ಕೆ 'ಕೊಂಟಿಯ ಹೆಂಡತಿ' ಮಾತ್ರ.

ಸೈನ್ಯ ಮತ್ತು ತಾಂಡಾ

ಇದಾದ ನೂರು ವರ್ಷಕ್ಕೆ, 1520ರಲ್ಲಿ, ಕೃಷ್ಣದೇವರಾಯ ರಾಯಚೂರಿನ ಮೇಲೆ ದಂಡೆತ್ತಿ ಹೋದ. ತುಂಗಭದ್ರೆಗೂ ಕೃಷ್ಣೆಗೂ ನಡುವಿನ ದೋಆಬ್ ಎಂಬ ಈ ನೆಲಕ್ಕಾಗಿ ನಡೆದ ಯುದ್ಧ ಅದು. ಮರಳಿಯೂ ಈ ನೆಲದಲ್ಲಿಯೇ ಇದೆ. ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿರುವ ಪ್ರಕಾರ, ದಾರಿಯುದ್ದಕ್ಕೂ ಜನ ಬಾಯಾರಿ ಸಾಯದಿರಲೆಂದು ಚರ್ಮದ ಚೀಲಗಳಲ್ಲಿ ನೀರು ಹೊತ್ತ 12,000 ಮಂದಿಯನ್ನು ನಿಲ್ಲಿಸಲಾಗಿತ್ತು. ಬೀಡಿನಲ್ಲಿ ಬೀದಿಗಳಿದ್ದವು, ಅಂಗಡಿಗಳಿದ್ದವು, ಅಗಸರಿದ್ದರು. ನಮ್ಮ ನಾಲ್ಕು ಪ್ರಶ್ನೆಗಳಿಗೆ ಒಂದು ಸಾಮ್ರಾಜ್ಯ ಕೊಟ್ಟ ಉತ್ತರ ಇದು.

ಇಂಥ ದೊಡ್ಡ ಸೈನ್ಯಗಳಿಗೆ ಧಾನ್ಯವನ್ನು ಹೊತ್ತು ತರುತ್ತಿದ್ದವರು ಯಾರು? ಮುಂದಿನ ಶತಮಾನಗಳಲ್ಲಿ ಆ ಕೆಲಸಕ್ಕೆ ಹೆಸರಾದವರು ಬಂಜಾರರು. ನಾವು ಲಂಬಾಣಿಗರೆಂದು ಕರೆಯುವುದು ಅವರನ್ನೇ. 1632ರಲ್ಲಿ ಉತ್ತರ ಭಾರತದ ದಾರಿಯಲ್ಲಿ ಪೀಟರ್ ಮಂಡಿ ಎಂಬ ಇಂಗ್ಲಿಷ್ ವ್ಯಾಪಾರಿ ಒಂದು ತಾಂಡಾವನ್ನು ಕಂಡ. ಅದರಲ್ಲಿ ಧಾನ್ಯ ಹೇರಿದ 14,000 ಎತ್ತುಗಳಿದ್ದವಂತೆ! ಹೆಂಡತಿ ಮಕ್ಕಳು, ಮನೆಯ ಸಾಮಾನುಗಳು ಎಲ್ಲವೂ ಜೊತೆಯಲ್ಲಿಯೇ. ದಿನಕ್ಕೆ ಆರೇಳು ಮೈಲಿಗಿಂತ ಹೆಚ್ಚು ನಡೆಯುತ್ತಿರಲಿಲ್ಲ ಎಂದು ಅವನು ಬರೆದಿದ್ದಾನೆ. ಇಂದು ಬಸ್ಸಿಗೆ ಅರ್ಧ ಗಂಟೆಯೂ ಹಿಡಿಯದ ದಾರಿ ಅವರಿಗೆ ಒಂದು ಇಡೀ ದಿನದ ಪ್ರಯಾಣ.

ಏಕೆ ಇಷ್ಟು ನಿಧಾನ? ಎತ್ತು ನಡೆಯುತ್ತಲೇ ಮೇಯಬೇಕು. ಅದು ಮೇವನ್ನು ದಾರಿಯಲ್ಲಿ ತಾನೇ ಹುಡುಕಿಕೊಂಡರೆ ಮೇವು ಹೊರುವ ಭಾರ ಉಳಿಯಿತು. ಆ ಉಳಿತಾಯದಿಂದಲೇ ಧಾನ್ಯದ ಸಾಗಣೆ ಅಗ್ಗವಾಗುತ್ತಿತ್ತು. ಲಂಬಾಣಿ ಹೆಣ್ಣುಮಗಳ ಉಡುಗೆಯನ್ನು ನೀವು ನೋಡಿದ್ದೀರಿ. ಕನ್ನಡಿ, ಕವಡೆ, ನಾಣ್ಯಗಳ ಆ ಕಸೂತಿಯನ್ನು ನಾವು ಅಲಂಕಾರವೆಂದಷ್ಟೇ ತಿಳಿಯುತ್ತೇವೆ. ಗೋಡೆಯೂ ಪೆಟ್ಟಿಗೆಯೂ ಇಲ್ಲದ ಮನೆಯಲ್ಲಿ ಮೈಮೇಲಿನ ಬೆಳ್ಳಿಯೇ ತಿಜೋರಿಯೂ ಹೌದು. 1791-92ರಲ್ಲಿ ಟೀಪೂ ಸುಲ್ತಾನನ ವಿರುದ್ಧ ಬಂದ ಕಾರ್ನ್‌ವಾಲಿಸನ ಸೈನ್ಯ ಹಸಿವಿನಿಂದ ಪಾರಾದದ್ದು ಇಂಥ ತಾಂಡಾಗಳ ಧಾನ್ಯದಿಂದ. ಸೇನಾಪತಿಗಳ ಪಟ್ಟಿಯಲ್ಲಿ ಅವರ ಹೆಸರು ಮಾತ್ರ ಇಲ್ಲ.

ಮಡಿಚಿಟ್ಟ ರಾಮಾಯಣ

ಈಗ ಮರಳಿಯ ಆ ಹಿರಿಯರು ನೆನೆದ ಗೊಂಬೆಯಾಟದವರ ಮಾತಿಗೆ ಬರೋಣ. ಶಿಳ್ಳೇಕ್ಯಾತರು, ಕಿಳ್ಳೇಕ್ಯಾತರು ಎಂದೆಲ್ಲ ಕರೆಯಲಾಗುವ ಇವರ ಆಟವೇ ತೊಗಲುಗೊಂಬೆ. ಇಲ್ಲಿ ನಾಟಕ ಕಂಪನಿ ಎಂದರೆ ಒಂದು ಸಂಸಾರವೇ. ಪರದೆಯ ಹಿಂದೆ ಗಂಡ ಗೊಂಬೆ ಆಡಿಸಿದರೆ ಹೆಂಡತಿ ಹಾಡುತ್ತಾಳೆ, ಸೀತೆಗೂ ಮಂಡೋದರಿಗೂ ದನಿಯಾಗುತ್ತಾಳೆ. ಮಕ್ಕಳು ತಾಳ ಹಾಕುತ್ತಾ ಕಲಿಯುತ್ತಾರೆ.

ಮೇಕೆಯ ಚರ್ಮವನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದಮಾಡಿ, ಕತ್ತರಿಸಿ, ಬಣ್ಣ ಹಾಕಿದರೆ ಗೊಂಬೆಯಾಯಿತು. ಅದನ್ನು ಒಂದರ ಮೇಲೊಂದು ಹಾಳೆಯಂತೆ ಜೋಡಿಸಬಹುದು. ರಾಮ, ರಾವಣ, ಹನುಮಂತ, ಲಂಕೆಯ ಅರಮನೆ, ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ! ಒಂದು ಬಟ್ಟೆ, ನಾಲ್ಕು ಗಳು, ಒಂದು ದೀಪ ಇದ್ದರೆ ರಂಗಮಂದಿರ ಸಿದ್ಧ. ಭಾರದ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ಯಾವ ಎಂಜಿನಿಯರ್ ಕೊಡಬಲ್ಲ? ಇಂದಿನ ಮೋಟಾರು ಮನೆಯ ಮಡಿಚುವ ಮಂಚವೂ ಇದೇ ತತ್ವದ್ದು.

ಇವರ ಸಂಚಾರಕ್ಕೆ ಒಂದು ಕಾಲವಿತ್ತು. ಮಳೆಗಾಲದಲ್ಲಿ ಎರೆಮಣ್ಣು ಗಾಲಿಯನ್ನೂ ಬಿಡದು, ಕಾಲನ್ನೂ ಬಿಡದು. ನಮ್ಮ ವ್ಯಾನು ಕಲಿತ ಪಾಠ ಅವರಿಗೆ ಹುಟ್ಟಿನಿಂದಲೇ ಗೊತ್ತಿತ್ತು. ಆದ್ದರಿಂದ ಸುಗ್ಗಿ ಮುಗಿದು, ರೈತನ ಮನೆಯಲ್ಲಿ ಕಾಳಿದ್ದು, ನೆಲ ಗಟ್ಟಿಯಾದಾಗ ಹೊರಡುವುದು. ಊರ ಹೊರಗಿನ ಮರದಡಿ ಬಿಡಾರ. ಮೊದಲು ಊರ ಗೌಡರ ಒಪ್ಪಿಗೆ. ಬೆಳಿಗ್ಗೆ ಹೆಂಗಸರು ಬಾವಿಯ ದಾರಿ ಕೇಳಿಕೊಂಡು ನೀರು ತರಬೇಕು, ಮೂರು ಕಲ್ಲು ಹೂಡಿ ಒಲೆ ಹಚ್ಚಬೇಕು. ರಾತ್ರಿಯಿಡೀ ಆಟ. ಮರುದಿನ ಮನೆಮನೆಯಿಂದ ಬಂದ ಜೋಳವೇ ಸಂಭಾವನೆ. ಮಳೆ ತಡವಾದ ವರ್ಷ ಊರವರೇ ಇವರನ್ನು ಕರೆಸಿ ಆಟ ಆಡಿಸುತ್ತಿದ್ದರು.

ಪೆಟ್ಟಿಗೆಯೊಳಗೆ ಇನ್ನೊಂದು ಜೋಡಿಯೂ ಇರುತ್ತದೆ. ಅವರೇ ಹಾಸ್ಯಗಾರ ಕಿಳ್ಳೇಕ್ಯಾತ ಮತ್ತು ಅವನ ಹೆಂಡತಿ ಬಂಗಾರಕ್ಕ. ರಾಮಾಯಣದ ನಡುವೆ ಇವರು ನುಗ್ಗಿ ಜಗಳವಾಡುತ್ತಾರೆ, ಊರವರನ್ನು ನಗಿಸುತ್ತಾರೆ. ದಾರಿಯ ದಣಿವು ಹೊತ್ತ ಗಂಡ ಹೆಂಡತಿ ಪರದೆಯ ಹಿಂದೆ ಕುಳಿತು, ಜಗಳವಾಡುವ ಗಂಡ ಹೆಂಡತಿಗೆ ದನಿ ಕೊಡುವ ಆ ದೃಶ್ಯವನ್ನು ಒಮ್ಮೆ ಕಲ್ಪಿಸಿಕೊಳ್ಳಿ.

ಈ ಪರಂಪರೆಯ ಕಲಾವಿದೆ, ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಘೋಷಣೆಯಾಯಿತು. ಆಗ ಅವರಿಗೆ ತೊಂಬತ್ತು ವರ್ಷ ದಾಟಿತ್ತು. ಹಳ್ಳಿಗಳ ಮಕ್ಕಳು ನೋಡಿ ಬೆರಗಾದ ಗೊಂಬೆಗಳನ್ನು ಅವರು ವಿದೇಶಗಳಲ್ಲಿಯೂ ಆಡಿಸಿ ಬಂದವರು. ಕೊಂಟಿಯ ಹೆಂಡತಿಗೆ ದೊರೆಯದ ಹೆಸರು ಈ ತಾಯಿಗೆ ದೊರೆಯಿತು.

ಎರಡು ಇಸವಿಗಳು

ನಾಲ್ಕನೆಯ ಪ್ರಶ್ನೆಯನ್ನು ನೆನಪಿಡಲು ಹೇಳಿದ್ದೆನಲ್ಲವೇ? ಈಗ ಎರಡು ಇಸವಿಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಳ್ಳಿ: 1871 ಮತ್ತು 1885.

1885ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬ ನಿವೃತ್ತ ನೌಕಾದಳದ ವೈದ್ಯ 'ವಾಂಡರರ್' ಎಂಬ ಹೆಸರಿನ ಮರದ ಗಾಡಿಮನೆಯನ್ನು ಕಟ್ಟಿಸಿಕೊಂಡ. ತೂಕ ಸುಮಾರು ಎರಡು ಟನ್ನು. ಎಳೆಯಲು ಎರಡು ಕುದುರೆ. ದಾರಿ ನೋಡಿ ಬರಲು ಮುಂದೆ ಮೂರು ಗಾಲಿಯ ಸೈಕಲ್ಲಿನಲ್ಲಿ ಒಬ್ಬ ಸೇವಕ. ವಿನೋದಕ್ಕಾಗಿಯೇ ಮಾಡಿದ ಗಾಡಿಮನೆಗಳಲ್ಲಿ ಇದು ಮೊದಲನೆಯದೆಂದು ಹೆಸರಾಯಿತು. ಇಂದಿನ ಮೋಟಾರು ಮನೆಯ ಮುತ್ತಜ್ಜ ಅದೇ. ಅದಕ್ಕೆ ಅವರು ಬಳಸುವ 'ಕ್ಯಾರವಾನ್' ಎಂಬ ಪದ ಮಾತ್ರ ಪರ್ಷಿಯನ್ ಭಾಷೆಯಿಂದ ಹೋದದ್ದು. ಅಲ್ಲಿನ ಜಿಪ್ಸಿಗಳ ಬಂಡಿಯನ್ನು ನೋಡಿಯೇ ಈ ಮಹನೀಯ ತನ್ನನ್ನು 'ಸಭ್ಯ ಜಿಪ್ಸಿ' ಎಂದು ಕರೆದುಕೊಂಡ.

ಅದಕ್ಕೆ ಹದಿನಾಲ್ಕು ವರ್ಷ ಮೊದಲು, 1871ರಲ್ಲಿ, ಅದೇ ಬ್ರಿಟಿಷ್ ಸರಕಾರ ಭಾರತದಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ತಂದಿತ್ತು. ಅದರ ಮತ್ತು ಅದರ ತಿದ್ದುಪಡಿಗಳ ಅಡಿಯಲ್ಲಿ ಎಷ್ಟೋ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಮಾಡಲಾಯಿತು. ಅವರು ಪೊಲೀಸರಿಗೆ ಹಾಜರಿ ಹಾಕಬೇಕಿತ್ತು, ಒಂದೂರಿನಿಂದ ಇನ್ನೊಂದೂರಿಗೆ ಹೋಗಲು ಅನುಮತಿ ಪಡೆಯಬೇಕಿತ್ತು. ರೈಲು ಬಂದು ಹೇರೆತ್ತಿನ ವ್ಯಾಪಾರ ಕುಸಿದಿದ್ದ ಕಾಲವೇ ಅದು. ಹೊಟ್ಟೆಪಾಡು ಹೋಯಿತು, ಅದರ ಮೇಲೆ ಕಳ್ಳರೆಂಬ ಹೆಸರೂ ಬಂತು. ಸ್ವತಂತ್ರ ಭಾರತ 1952ರಲ್ಲಿ ಈ ಕಾಯಿದೆಯನ್ನು ರದ್ದುಮಾಡಿತು. ಕಾಯಿದೆ ಹೋದರೂ ಸಂಶಯದ ನೋಟ ಅಷ್ಟು ಬೇಗ ಹೋಗಲಿಲ್ಲ.

ಗಾಡಿಯೊಳಗೆ ಸಂಸಾರ ಮಾಡುವುದು ಒಬ್ಬನಿಗೆ ವಿನೋದ, ಇನ್ನೊಬ್ಬನಿಗೆ ಅಪರಾಧ. ವ್ಯತ್ಯಾಸವಿದ್ದದ್ದು ಗಾಡಿಯಲ್ಲಲ್ಲ. ಒಬ್ಬನಿಗೆ ಮರಳಲು ಸ್ವಂತ ಮನೆಯಿತ್ತು, ಇನ್ನೊಬ್ಬನಿಗೆ ಗಾಡಿಯೇ ಮನೆಯಾಗಿತ್ತು.

ನಿಂತ ಮಾತುಗಳು

ಮರಳಿಯ ಸೀಮೆಯ ಊರ ಹೆಸರುಗಳನ್ನು ಗಮನಿಸಿದರೆ ಒಂದು ಸ್ವಾರಸ್ಯ ಕಾಣುತ್ತದೆ. 'ತಾಂಡಾ' ಎಂದರೆ ಮೊದಲು ಎತ್ತುಗಳ ಸಾಲಿನೊಡನೆ ನಡೆಯುವ ಗುಂಪು. ಇಂದು ಆ ಮಾತಿಗೆ ಲಂಬಾಣಿಗರ ಊರು ಎಂದು ಅರ್ಥ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾಗಿ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕಡೆಯಿಂದ ರೈತ ಸಂಸಾರಗಳು ಬಂದು ಗುಡಿಸಲು ಹಾಕಿ ಭತ್ತ ಬೆಳೆದವು. ಆ ನೆಲೆಗಳಿಗೆ 'ಕ್ಯಾಂಪ್' ಎಂದು ಹೆಸರಾಯಿತು. ಇಂದು ಅಲ್ಲಿ ಶಾಲೆ, ಗುಡಿ, ಮಹಡಿ ಮನೆಗಳಿದ್ದರೂ ಹೆಸರು ಕ್ಯಾಂಪೇ. ನಡೆಯುವ ಮಾತೊಂದು, ತಾತ್ಕಾಲಿಕವಾಗಿ ತಂಗುವ ಮಾತೊಂದು, ಎರಡೂ ಈ ನೆಲದಲ್ಲಿ ಊರುಗಳಾಗಿ ನಿಂತಿವೆ. ಇಂದು ನೆಲೆನಿಂತ ನಾವೂ ಎಂದೋ ನಡೆದು ಬಂದವರೇ ಎಂಬುದನ್ನು ಆ ಹೆಸರುಗಳು ನೆನಪಿಸುತ್ತವೆ.

ಕೊನೆಯದಾಗಿ ನಿಮಗೊಂದು ಕೆಲಸ. ರಜೆಯಲ್ಲಿ ನಿಮ್ಮ ಊರಿನ ಹಿರಿಯರನ್ನು ಕೇಳಿ. ಗೊಂಬೆಯಾಟದವರು, ಗಾಡಿಯಲ್ಲಿ ಬರುತ್ತಿದ್ದ ಕುಲುಮೆಯವರು ಎಲ್ಲಿ ತಂಗುತ್ತಿದ್ದರು? ಯಾವ ಬಾವಿಯ ನೀರು ಅವರಿಗೆ ಸಿಗುತ್ತಿತ್ತು, ಯಾವುದು ಸಿಗುತ್ತಿರಲಿಲ್ಲ? ಅವರಲ್ಲಿ ಯಾರ ಹೆಸರಾದರೂ ನೆನಪಿದೆಯೇ? ಹೆಂಗಸರ ಹೆಸರನ್ನು ಒತ್ತಾಯಿಸಿ ಕೇಳಿ, ಸಿಕ್ಕಿದ್ದನ್ನು ನೋಟುಪುಸ್ತಕದಲ್ಲಿ ಬರೆದಿಡಿ. ಪೊಗ್ಗಿಯೊ ಬರೆಯದೆ ಬಿಟ್ಟದ್ದನ್ನು ನೀವು ಬರೆದಂತಾಗುತ್ತದೆ.

ಆಮೇಲೆ ಟಿ.ವಿ. ಮುಂದೆ ಕುಳಿತು ಆ ಮೋಟಾರು ಮನೆಯನ್ನು ನೋಡಿ ಸಂತೋಷಪಡಿ. ಆ ದಂಪತಿಗಳ ಗಾಡಿ ನಿಮ್ಮ ಊರಿಗೆ ಬಂದರೆ ನೀವು ಓಡಿಹೋಗಿ ಸ್ವಾಗತಿಸುವಿರಿ, ಸ್ವಾಗತಿಸಲೇಬೇಕು. ಆದರೆ ಮರುದಿನ ಹರಕು ತಾಡಪಾಲು ಕಟ್ಟಿದ ಬಂಡಿಯೊಂದು ಅದೇ ಮರದಡಿ ನಿಂತು, ಅದರೊಳಗಿನ ತಾಯಿ ಕೊಡ ಹಿಡಿದು ನೀರಿನ ದಾರಿ ಕೇಳಿದರೆ, ಆಗಲೂ ನಿಮ್ಮ ಉತ್ತರ ಅದೇ ಆಗಿರಲಿ.