ಖರೀದಿದಾರರ ಕೂಟ: ನೆರೆದೇಶಗಳ ಸ್ಪರ್ಧಾ ಕಾನೂನು ಮತ್ತು ಚನ್ನಗಿರಿ ಸೀಮೆಯ ಮಂಡಿ

ಸ್ಪರ್ಧಾ ಕಾನೂನುಗಳನ್ನು ಹೋಲಿಸುವವರು ಬಹುಮಟ್ಟಿಗೆ ಪೇಟೆಯ ಗ್ರಾಹಕನ ಕಡೆಯಿಂದ ನೋಡುತ್ತಾರೆ. ಚನ್ನಗಿರಿಯ ರಾಶಿ ಅಡಿಕೆ, ಹೊನ್ನಾಳಿ-ನ್ಯಾಮತಿಯ ಭತ್ತ, ಮೆಕ್ಕೆಜೋಳ, ಜಗಳೂರಿನ ಈರುಳ್ಳಿ ಬೆಳೆಯುವವರು ಮಾರುವ ಕಡೆಯವರು. ಅವರಿಗೆ ಬೇಕಾದ್ದು ಖರೀದಿದಾರರ ನಡುವಿನ ಪೈಪೋಟಿ. ಟೆಂಡರಿಗೆ ಮೊದಲೇ ನಾಲ್ಕು ಜನ ವರ್ತಕರು ಧಾರಣೆ ಮಾತಾಡಿಕೊಂಡರೆ ಪೇಟೆಯಲ್ಲಿ ಯಾರಿಗೂ ಸುಳಿವು ಸಿಗದು; ನಷ್ಟವೆಲ್ಲ ರೈತನ ಪಟ್ಟಿಯಲ್ಲಿ ಬೀಳುತ್ತದೆ. ಅದಕ್ಕೇ ಈ ಕಾನೂನುಗಳನ್ನು ರೈತನ ಕಡೆಯಿಂದ ಓದಬೇಕೆಂಬುದು ನನ್ನ ವಾದ.

ಭಾರತದ 2002ರ ಸ್ಪರ್ಧಾ ಅಧಿನಿಯಮ 1969ರ ಏಕಸ್ವಾಮ್ಯ ಕಾನೂನಿನ ಜಾಗಕ್ಕೆ ಬಂತು. ಒಳಒಪ್ಪಂದಗಳನ್ನು ತಡೆಯುವ ಕಲಂ 2009ರ ಮೇ ತಿಂಗಳಲ್ಲಿ ಜಾರಿಯಾಯಿತು. ಮಾರಾಟದ ಬೆಲೆಯ ಜೊತೆಗೆ ಖರೀದಿ ಬೆಲೆಯನ್ನು ಕೂಡಿ ನಿಗದಿ ಮಾಡುವುದೂ, ಬಿಡ್ಡಿನಲ್ಲಿ ಕೈಯಾಡಿಸುವುದೂ ಅದರ 3ನೇ ಕಲಮಿನಡಿ ನಿಷಿದ್ಧ. ಪಾಕಿಸ್ತಾನದ 2010ರ, ಬಾಂಗ್ಲಾದೇಶದ 2012ರ ಕಾಯ್ದೆಗಳಲ್ಲೂ ಖರೀದಿ ಬೆಲೆಯ ಮಾತಿದೆ. ಅಕ್ಷರದಲ್ಲಿ ಅಂತರ ಕಡಿಮೆ. ಆದರೆ 2021ರ ಆಗಸ್ಟಿನಲ್ಲಿ ಪಾಕಿಸ್ತಾನದ ಆಯೋಗ ಸಕ್ಕರೆ ಕಾರ್ಖಾನೆಗಳಿಗೆ ಅಲ್ಲಿನ ಸುಮಾರು 4,400 ಕೋಟಿ ರೂಪಾಯಿ ದಂಡ ಹಾಕಿದಾಗಲೂ, 2022ರಲ್ಲಿ ಬಾಂಗ್ಲಾದ ಆಯೋಗ ಅಕ್ಕಿ, ಮೊಟ್ಟೆ ವಹಿವಾಟಿನ ಕಂಪನಿಗಳ ಮೇಲೆ ಮೊಕದ್ದಮೆ ಹೂಡಿದಾಗಲೂ ಎಬ್ಬಿಸಿದ್ದು ಗ್ರಾಹಕನ ಕೂಗು. ಶ್ರೀಲಂಕಾವಂತೂ 1987ರ ನ್ಯಾಯವ್ಯಾಪಾರ ಆಯೋಗವನ್ನು ಕೈಬಿಟ್ಟು 2003ರಲ್ಲಿ ಗ್ರಾಹಕ ಪ್ರಾಧಿಕಾರವನ್ನೇ ಕಟ್ಟಿತು.

ಭಾರತದಲ್ಲಿ ಒಂದು ಪ್ರಸಂಗ ಬೇರೆ ದಾರಿ ಹಿಡಿಯಿತು. 2010ರ ಕೊನೆಯಲ್ಲಿ ಈರುಳ್ಳಿ ಬೆಲೆ ಏರಿದ ಮೇಲೆ, ಸ್ಪರ್ಧಾ ಆಯೋಗಕ್ಕಾಗಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಮಹಾರಾಷ್ಟ್ರ, ಕರ್ನಾಟಕದ ಮಾರುಕಟ್ಟೆಗಳನ್ನು ಅಧ್ಯಯನ ಮಾಡಿತು. ಗ್ರಾಹಕನ ದೂರಿನಿಂದ ಹೊರಟ ಆ ಶೋಧ ಮಂಡಿಗೆ ಬಂದು ನಿಂತಿತು: ಕೆಲವೇ ದೊಡ್ಡ ವರ್ತಕರ ಹಿಡಿತ, ಹೊಸಬರಿಗೆ ಕಷ್ಟದ ಪ್ರವೇಶ. ಜಗಳೂರಿನ ಬೆಳೆಗಾರರ ಪಾಲಿಗೆ ಇಷ್ಟು ಹತ್ತಿರದ ವರದಿ ಇನ್ನೊಂದಿರಲಾರದು.

ಹಾಗೆ ನೋಡಿದರೆ ನಮ್ಮಲ್ಲಿ ಖರೀದಿದಾರರ ಕೂಟಕ್ಕೆ ಹತ್ತಿರದ ಕಡಿವಾಣ 1966ರ ಎಪಿಎಂಸಿ ಕಾಯ್ದೆ. ಪರವಾನಗಿ, ಬಹಿರಂಗ ಹರಾಜು, ಸರಿಯಾದ ತೂಕ, 2014ರಿಂದ ಏಕೀಕೃತ ಇ-ಮಾರುಕಟ್ಟೆ: ಇವು ದೆಹಲಿಯ ಆಯೋಗಕ್ಕಿಂತ ಹೆಚ್ಚು ರೈತನ ಹತ್ತಿರ ಇವೆ. ಚನ್ನಗಿರಿಯ ತುಮ್ಕೋಸ್‌ನಂಥ ಸಹಕಾರ ಸಂಘ ಬೆಳೆಗಾರನಿಗೆ ಇನ್ನೊಂದು ಬಾಗಿಲು. ಸಹಕಾರ ಸಂಘವೂ ಸ್ಪರ್ಧಾ ಕಾನೂನಿನ ವ್ಯಾಪ್ತಿಯೊಳಗೇ ಇದೆ ಎಂಬುದನ್ನು ಮಾತ್ರ ಮರೆಯಬಾರದು.

ಧಾರಣೆ ಕುಸಿದಾಗ ನಮ್ಮ ಚರ್ಚೆ ಗಡಿಯತ್ತ ಓಡುತ್ತದೆ. 2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆ ಕಿಲೋಗೆ 251ರಿಂದ 351 ರೂಪಾಯಿಗೆ ಏರಿತು. 2022ರಲ್ಲಿ ಭೂತಾನದ ಹಸಿ ಅಡಿಕೆಗೆ ವರ್ಷಕ್ಕೆ 17,000 ಟನ್‌ವರೆಗೆ ಆ ಷರತ್ತಿನಿಂದ ವಿನಾಯಿತಿ ಸಿಕ್ಕಿತ್ತು. ಇವೆಲ್ಲ ವ್ಯಾಪಾರ ನೀತಿ. ಮಂಡಿಯೊಳಗಿನ ಪೈಪೋಟಿಯನ್ನು ಅಳೆಯಲು ಇವು ಸಾಲವು. ದಿನದ ಧಾರಣೆ ಪಟ್ಟಿ ಆವಕ, ಕನಿಷ್ಠ, ಗರಿಷ್ಠ, ಸರಾಸರಿ ಹೇಳುತ್ತದೆ. ಪ್ರತಿ ಲಾಟಿಗೆ ಎಷ್ಟು ಮಂದಿ ಬಿಡ್ ಹಾಕಿದರು, ಗೆದ್ದ ದರಕ್ಕೂ ಎರಡನೆಯದಕ್ಕೂ ಎಷ್ಟು ಅಂತರವಿತ್ತು ಎಂಬ ಎರಡು ಕಾಲಂಗಳು ಅದೇ ಪಟ್ಟಿಗೆ ಸೇರಬೇಕು. ಕೂಟದ ಜಾಡು ಹಿಡಿಯಲು ಯಾವ ದೇಶದ ಆಯೋಗಕ್ಕಾದರೂ ಬೇಕಾಗುವುದು ಆ ಅಂಕಿಗಳೇ.